ಗಜೇಂದ್ರಗಡದ ಗುಡ್ಡದ ಮೇಲೆ ಮಣ್ಣು ಯಾಕೆ ಒಂದೇ ಗೇಣು?

ಮೂರು ವರ್ಷದ ಹಿಂದಿನ ಮಾತು. ಗಜೇಂದ್ರಗಡದ ಹತ್ತಿರ ನಮ್ಮ ಸೋದರಮಾವನ ಹೊಲ ಇದೆ. ಅದರ ಒಂದು ಮೂಲೆ ಗುಡ್ಡ ಏರಿ ಮೇಲಿನ ಸಪಾಟು ಜಾಗಕ್ಕೆ ಹೋಗಿ ಮುಟ್ಟುತ್ತದೆ. ಅಷ್ಟು ಜಾಗ ಸುಮ್ನೆ ಖಾಲಿ ಬಿದ್ದಿದೆಯಲ್ಲ, ಗಿಡ ಹಚ್ಚೋಣ ಅಂತ ನಾನು ಹುಬ್ಬಳ್ಳಿಯಿಂದ ಭಾರಿ ಹುಮ್ಮಸ್ಸಿನಲ್ಲಿ 20 ಬೇವಿನ ಸಸಿ ಒಯ್ದೆ. ಎರಡೆರಡು ಅಡಿ ಗುಂಡಿ ತೋಡುವ ಲೆಕ್ಕ. ಮೊದಲ ಗುಂಡಿಗೆ ಹಾರೆ ಹಾಕಿದೆ. ಒಂದು ಗೇಣು ಇಳಿಯಿತು, ಆಮೇಲೆ ಖಣ್ ಅಂತು. ಪಕ್ಕಕ್ಕೆ ಸರಿದು ಹಾಕಿದೆ, ಮತ್ತೆ ಖಣ್. ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಮಾವ ಇಷ್ಟನ್ನೂ ನೋಡಿ, "ಅಳಿಯಾ, ಅದು ಹೊಲ ಅಲ್ಲೋ. ಕಲ್ಲಿನ ಮ್ಯಾಲೆ ಹಾಸಿದ ಚಾಪಿ" ಅಂದರು.

ಹೇಗೋ ಹಟ ಮಾಡಿ ಇಪ್ಪತ್ತನ್ನೂ ನೆಟ್ಟೆ. ಮುಂದಿನ ಬೇಸಿಗೆಗೆ ಉಳಿದದ್ದು ಎರಡು. ಆ ಎರಡು ಯಾಕೆ ಉಳಿದವು ಅನ್ನುವುದು ನನಗೆ ತಿಳಿಯಲು ಬಹಳ ದಿನ ಬೇಕಾಯಿತು. ಅದನ್ನು ತಿಳಿಯಬೇಕಾದರೆ ಮೊದಲು ಆ ಚಾಪೆ ಎಂಥದ್ದು, ಯಾರು ನೇಯ್ದದ್ದು ಅಂತ ನೋಡಬೇಕು.

ಕಲ್ಲಿನಿಂದ ಶುರು ಮಾಡೋಣ. ಗದಗ ಜಿಲ್ಲೆಯ ಗುಡ್ಡ ಅಂದ ಕೂಡಲೇ ಎಲ್ಲರಿಗೂ ಕಪ್ಪತಗುಡ್ಡ ನೆನಪಾಗುತ್ತದೆ. ಅಲ್ಲಿಯ ಕಲ್ಲು ಹಾಳೆ ಹಾಳೆಯಾಗಿ ಏಳುತ್ತದೆ, ನಡುನಡುವೆ ಕಬ್ಬಿಣದ ಪಟ್ಟೆ, ಸಾಲು ಸಾಲಾಗಿ ಏರಿಳಿಯುವ ಬೆನ್ನು. ಅದು ಧಾರವಾಡ ಶಿಸ್ಟ್ ಜಾತಿಯ ಕಲ್ಲು. ಗಜೇಂದ್ರಗಡದ್ದು ಬೇರೆ ಕಥೆ. ಇಲ್ಲಿ ಗುಡ್ಡದ ತಲೆ ಸಪಾಟು, ಅಂಚು ಚಾಕುವಿನಿಂದ ಕೊಯ್ದ ಹಾಗೆ ಕಡಿದಾಗಿ ಇಳಿಯುತ್ತದೆ. ಕಲ್ಲು ರೊಟ್ಟಿ ಮೇಲೆ ರೊಟ್ಟಿ ಒಟ್ಟಿದಂತೆ ಅಡ್ಡ ಪದರು ಪದರಾಗಿ ಇದೆ. ಇದು ಮರಳುಗಲ್ಲು, ಬಾದಾಮಿಯ ಕಲ್ಲಿನ ನೆಂಟ. ಭೂವಿಜ್ಞಾನದವರು ಈ ಇಡೀ ಸೀಮೆಗೆ ಕಲಾದಗಿ ಜಲಾನಯನ (ಹಿಂದೊಮ್ಮೆ ಉಸುಕು, ಕೆಸರು ಬಂದು ತುಂಬಿದ ದೊಡ್ಡ ತಗ್ಗು) ಅನ್ನುತ್ತಾರೆ, ಬಾಗಲಕೋಟೆ ಜಿಲ್ಲೆಯ ಕಲಾದಗಿ ಊರಿನ ಹೆಸರು ಅದಕ್ಕೆ. ಅದರ ತೆಂಕಣ ಅಂಚು ನಮ್ಮ ಗದಗ ಜಿಲ್ಲೆಯೊಳಗೆ ಚಾಚಿದೆ. ರಾಬರ್ಟ್ ಬ್ರೂಸ್ ಫೂಟ್ ಅನ್ನುವ ಭೂವಿಜ್ಞಾನಿ ಈ ಭಾಗವನ್ನೆಲ್ಲ ಸುತ್ತಿ 1876ರಲ್ಲೇ ದೊಡ್ಡ ವರದಿ ಬರೆದಿದ್ದರು. ಅದಕ್ಕೂ ಬಹಳ ಮೊದಲು ಈ ಕಲ್ಲಿನ ಗುಣ ಚಾಲುಕ್ಯರಿಗೆ ಗೊತ್ತಿತ್ತು ಅಂತ ಬೇರೆ ಹೇಳಬೇಕಿಲ್ಲ. ಬಾದಾಮಿಯ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ, ಇವತ್ತಿಗೂ ಅಕ್ಷರ ನಿಂತಿದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಲೆ ಸಪಾಟಾಗಲು ಕಾರಣ ಸರಳ. ಪದರುಗಳು ಅಡ್ಡಲಾಗಿವೆ, ಎಲ್ಲವೂ ಒಂದೇ ಗಟ್ಟಿ ಇಲ್ಲ. ಮೆತ್ತನೆಯವು ಬೇಗ ಸವೆದು ಹೋಗುತ್ತವೆ, ಗಟ್ಟಿಯದು ಟೋಪಿಯ ಹಾಗೆ ಮೇಲೆ ಉಳಿಯುತ್ತದೆ. ಅಡಿಯ ಪದರು ಒಳಗೊಳಗೆ ತಿಂದು ಹೋದಾಗ ಮೇಲಿನ ಟೋಪಿಯ ಅಂಚು ಬಿರುಕು ಇರುವಲ್ಲಿ ಮುರಿದು ಬೀಳುತ್ತದೆ. ಹಾಗಾಗಿ ಗುಡ್ಡ ಎತ್ತರದಲ್ಲಿ ತಗ್ಗುವುದಕ್ಕಿಂತ ಜಾಸ್ತಿ ಅಗಲದಲ್ಲಿ ಕಿರಿದಾಗುತ್ತದೆ. ಇಂಥ ಗುಡ್ಡಕ್ಕೆ ಅಮೆರಿಕದಲ್ಲಿ ಮೆಸಾ ಅನ್ನುತ್ತಾರೆ, ಸ್ಪ್ಯಾನಿಷ್ ಭಾಷೆಯಲ್ಲಿ ಮೇಜು ಅಂತ ಅರ್ಥ.

ಈಗ ಮಣ್ಣು. ಮರಳುಗಲ್ಲನ್ನು ಶೇಂಗಾ ಚಿಕ್ಕಿ ಅಂದುಕೊಳ್ಳಿ. ಶೇಂಗಾ ಕಾಳು ಅಂದರೆ ಉಸುಕಿನ ಕಣ, ಬೆಲ್ಲದ ಪಾಕ ಅಂದರೆ ಅವನ್ನು ಹಿಡಿದಿರುವ ಅಂಟು. ಈ ಅಂಟು ಸಿಲಿಕಾ ಇರಬಹುದು, ಕಬ್ಬಿಣದ ಆಕ್ಸೈಡ್ ಇರಬಹುದು, ಸುಣ್ಣ ಇರಬಹುದು, ಜೇಡಿ ಇರಬಹುದು. ಮಳೆ, ಬಿಸಿಲು, ಬೇರು ಎಲ್ಲ ಸೇರಿ ನಿಧಾನಕ್ಕೆ ಈ ಪಾಕವನ್ನು ಬಿಡಿಸುತ್ತವೆ. ಪಾಕ ಬಿಟ್ಟ ಮೇಲೆ ಏನು ಉಳಿಯುತ್ತದೆ? ಶೇಂಗಾ ಕಾಳು ಶೇಂಗಾ ಕಾಳಾಗಿಯೇ ಉಳಿಯುತ್ತದೆ. ಅಂದರೆ ಉಸುಕು. ಅದರಲ್ಲಿ ಜಾಸ್ತಿ ಪಾಲು ಕ್ವಾರ್ಟ್ಜ್ ಅನ್ನುವ ಖನಿಜ, ಅದು ಕೊಳೆಯುವುದೂ ಇಲ್ಲ, ಕರಗುವುದೂ ಇಲ್ಲ ಅನ್ನುವಷ್ಟು ಹಟಮಾರಿ.

ಜಿಗುಟು ಮಣ್ಣು ಹುಟ್ಟಬೇಕಾದರೆ ಫೆಲ್ಡ್‌ಸ್ಪಾರ್, ಅಭ್ರಕದಂಥ ಖನಿಜ ಬೇಕು. ಅವು ಕೊಳೆತು ಜೇಡಿಯಾಗುತ್ತವೆ. ಗ್ರಾನೈಟಿನಲ್ಲಿ, ಶಿಸ್ಟಿನಲ್ಲಿ ಅವು ಬೇಕಾದಷ್ಟು ಇರುತ್ತವೆ. ಮರಳುಗಲ್ಲಿನಲ್ಲಿ ಕಡಿಮೆ, ಯಾಕೆಂದರೆ ಅದು ಮೊದಲೇ ಒಂದು ಸಲ ತೊಳೆದು ಜರಡಿ ಹಿಡಿದ ಸರಕು. ಕೋಟಿಗಟ್ಟಲೆ ವರ್ಷದ ಹಿಂದೆ ಇನ್ನೂ ಹಳೆಯ ಬೆಟ್ಟಗಳು ಸವೆದು, ಹೊಳೆ ಹಳ್ಳಗಳು ಆ ಪುಡಿಯನ್ನು ಹೊತ್ತು ತಂದು, ಸಣ್ಣ ಜೇಡಿಯನ್ನು ಮುಂದೆ ತೇಲಿಸಿ ಒರಟು ಉಸುಕನ್ನು ಮಾತ್ರ ಇಲ್ಲಿ ಬಿಟ್ಟು ಹೋಗಿ, ಅದು ಹೂತು ಬಿಗಿದು ಕಲ್ಲಾಗಿ, ಈಗ ಮತ್ತೆ ಬಿಚ್ಚಿಕೊಂಡು ಮಣ್ಣಾಗುತ್ತಿದೆ. ನಮ್ಮ ಕೈಗೆ ಬಂದದ್ದು ಎರಡನೇ ಕೈ ಮಾಲು.

ಬೇಕಿದ್ದರೆ ಮನೆಯಲ್ಲೇ ನೋಡಬಹುದು. ಆ ಗುಡ್ಡದ ಒಂದು ಮುಷ್ಟಿ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಗಲಗಲ ಅಲುಗಾಡಿಸಿ ಇಡಿ. ಒಂದು ನಿಮಿಷದೊಳಗೆ ಜಾಸ್ತಿ ಪಾಲು ತಳ ಸೇರುತ್ತದೆ. ನವಲಗುಂದದ ಕಪ್ಪು ಎರಿ ಮಣ್ಣನ್ನು ಹೀಗೆ ಮಾಡಿದರೆ ಮರುದಿನವೂ ನೀರು ತಿಳಿಯಾಗಿರುವುದಿಲ್ಲ.

ಆದರೂ ಮಣ್ಣು ಒಂದೇ ಗೇಣು ಯಾಕೆ? ಕೋಟ್ಯಂತರ ವರ್ಷದಿಂದ ಕಲ್ಲು ಸವೆಯುತ್ತಿದ್ದರೆ ಇಷ್ಟೊತ್ತಿಗೆ ಆಳು ಮುಳುಗುವಷ್ಟು ಮಣ್ಣು ಇರಬೇಕಿತ್ತಲ್ಲ? ದಿನಗೂಲಿಯವನ ಸಂಸಾರ ನೆನೆಯಿರಿ. ದುಡಿಯುತ್ತಾನೆ, ಸಂಜೆಗೆ ಖರ್ಚಾಗುತ್ತದೆ, ಗಂಟು ಕಟ್ಟಲು ಏನೂ ಉಳಿಯುವುದಿಲ್ಲ. ಇಲ್ಲಿ ಗಳಿಕೆಯೇ ಕಡಿಮೆ. 578ರಲ್ಲಿ ಕೊರೆದ ಅಕ್ಷರ ಬಾದಾಮಿಯಲ್ಲಿ ಇನ್ನೂ ಓದಲು ಬರುತ್ತದೆ ಅಂದೆನಲ್ಲ, ಗುಹೆಯ ನೆರಳಿನಲ್ಲಿದೆ ನಿಜ, ಆದರೂ ಆ ಕಲ್ಲು ಎಷ್ಟು ಜುಗ್ಗ ಅಂತ ಅದರಿಂದಲೇ ಅಂದಾಜು ಮಾಡಬಹುದು. ಒಂದು ಸೆಂಟಿಮೀಟರ್ ಮಣ್ಣಿಗೆ ನೂರಾರು ವರ್ಷ ಅನ್ನುವುದು ಸಾಮಾನ್ಯ ಲೆಕ್ಕ, ಇಂಥ ಗಟ್ಟಿ ಕಲ್ಲಿನ ಮೇಲೆ, ಇಷ್ಟು ಕಡಿಮೆ ಮಳೆಯಲ್ಲಿ ಅದಕ್ಕಿಂತ ಜಾಸ್ತಿಯೇ. ಖರ್ಚು ಮಾತ್ರ ಜೋರು. ಮಳೆ ಬಂದರೆ ಒಂದೇ ಏಟಿಗೆ ಸುರಿಯುತ್ತದೆ, ಅಂಟು ಇಲ್ಲದ ಉಸುಕು ಅಂಚಿನ ಕಡೆ ಓಡುತ್ತದೆ. ಉಳಿದದ್ದಕ್ಕೆ ಗಾಳಿ ಇದೆ. ಆ ಗುಡ್ಡದ ಗಾಳಿ ಎಂಥದ್ದು ಅಂತ ಅಲ್ಲಿ ಸಾಲಾಗಿ ನಿಲ್ಲಿಸಿದ ಗಾಳಿಯಂತ್ರಗಳೇ ಹೇಳುತ್ತವೆ.

ಇನ್ನು ಬಣ್ಣ. ಕೆಂಪು ಕಂಡ ಕೂಡಲೇ ಧಾರವಾಡದ ಕೆಂಪು ಮಣ್ಣು ಅಂದುಕೊಂಡು ಮಾವಿನ ತೋಟದ ಕನಸು ಕಾಣುವವರು ಇದ್ದಾರೆ. ಕೆಂಪು ಬರುವುದು ಕಬ್ಬಿಣದ ಆಕ್ಸೈಡಿನಿಂದ, ಅದು ಕಣದ ಮೇಲೆ ತೆಳ್ಳಗೆ ಸವರಿದಷ್ಟಿದ್ದರೂ ಸಾಕು. ಧಾರವಾಡದ ಕೆಂಪು ಬೇರೆ ಕಲ್ಲಿನಿಂದ ಬಂದದ್ದು, ಅದರಲ್ಲಿ ಜೇಡಿ ಇದೆ, ಆಳ ಇದೆ, ಮೇಲೆ ಮಳೆಯೂ ಜಾಸ್ತಿ. ಬಣ್ಣ ನೋಡಿ ಮಣ್ಣು ತೂಗಬಾರದು. (ಹಾಗೆಯೇ ಕಪ್ಪು ಮಣ್ಣೆಲ್ಲ ಬಸಾಲ್ಟಿನಿಂದಲೇ ಅಂತ ಶಾಲೆಯಲ್ಲಿ ಕಲಿತದ್ದೂ ಪೂರ್ತಿ ಸರಿಯಲ್ಲ. ಗದಗ ಸುತ್ತಲಿನ ಎರಿ ಮಣ್ಣಿನಲ್ಲಿ ಶಿಸ್ಟಿನಿಂದ ಬಂದದ್ದೂ ಇದೆ.)

ನಿಜವಾದ ಲೆಕ್ಕ ಇರುವುದು ನೀರಿನಲ್ಲಿ. ಮಣ್ಣು ಅಂದರೆ ಒಂದು ಪಾತ್ರೆ. ಮಳೆ ಎಷ್ಟು ಬಿತ್ತು ಅನ್ನುವುದು ಒಂದು ಪ್ರಶ್ನೆ, ಪಾತ್ರೆ ಎಷ್ಟು ಹಿಡಿಯಿತು ಅನ್ನುವುದು ಇನ್ನೊಂದು. ಪೇಪರಿನಲ್ಲಿ ಬರುವುದು ಮೊದಲನೆಯದು ಮಾತ್ರ. ಉಸುಕು ಮಿಶ್ರಿತ ಮಣ್ಣು ಒಂದು ಮೀಟರ್ ಆಳ ಇದ್ದರೆ ಸುಮಾರು 100 ಮಿಲಿಮೀಟರ್ ನೀರನ್ನು ಗಿಡಕ್ಕೆ ಸಿಗುವಂತೆ ಹಿಡಿದಿಡುತ್ತದೆ. ನಮ್ಮಲ್ಲಿ ಇರುವುದು ಒಂದು ಗೇಣು, 22 ಸೆಂಟಿಮೀಟರ್ ಅನ್ನಿ. ಅಂದರೆ 22 ಮಿಲಿಮೀಟರ್. ಅದರಲ್ಲಿ ಕಾಲು ಭಾಗ ಹರಳು, ಕಲ್ಲು ಚೂರು, ಅವು ನೀರು ಹಿಡಿಯುವುದಿಲ್ಲ. ಉಳಿದದ್ದು 16 ಚಿಲ್ಲರೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಹಾಗಾದರೆ ಅಷ್ಟು ಜಾಗದ ಮಣ್ಣಿನೊಳಗೆ ಇರುವುದು 16 ಲೀಟರ್, ಹೆಚ್ಚೂ ಕಡಿಮೆ ಒಂದು ಕೊಡ ನೀರು.

ಹಸಿರಾಗಿರುವ ಗಿಡ-ಹುಲ್ಲು ದಿನಕ್ಕೆ 4 ಲೀಟರ್ ಎಳೆದರೂ ನಾಲ್ಕು ದಿನಕ್ಕೆ ಕೊಡ ಖಾಲಿ. ಮಿರಗ ಮಳೆ ಚೆನ್ನಾಗಿ ಆಯಿತು ಅಂತ ಖುಷಿಪಟ್ಟು, ಮುಂದಿನ ಮಳೆಗೆ 20 ದಿನ ಕಾಯಬೇಕಾಗಿ ಬಂದರೆ? ನಾಲ್ಕು ದಿನ ಊಟ, 16 ದಿನ ಉಪವಾಸ. ಎರಿ ಹೊಲದಲ್ಲಿ ಒಂದು ಮೀಟರ್ ಆಳಕ್ಕೆ 150ರಿಂದ 200 ಮಿಲಿಮೀಟರ್ ನೀರು ನಿಲ್ಲುತ್ತದೆ, ಅಂದರೆ ಹತ್ತು ಹನ್ನೆರಡು ಕೊಡ. ಅದಕ್ಕೇ ಹಿಂಗಾರಿ ಬಿಳಿಜೋಳ, ಕಡಲೆ ಒಂದು ಹನಿ ಮಳೆ ಬೀಳದಿದ್ದರೂ ಬರೀ ಹಸಿಯ ಮೇಲೆ ತೆನೆ ಬಿಡುತ್ತವೆ. ಗುಡ್ಡಕ್ಕೂ ಕೆಳಗಿನ ಎರಿಗೂ ಬೀಳುವ ಮಳೆ ಒಂದೇ, ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಪಾತ್ರೆ ಮಾತ್ರ ಬೇರೆ.

ಹಾಗಂತ ಗುಡ್ಡದ ಮಣ್ಣನ್ನು ಪೂರ್ತಿ ಬೈಯುವಂತಿಲ್ಲ. ಅದಕ್ಕೂ ಒಂದು ಜಾಣತನ ಇದೆ. ಸಣ್ಣ ಮಳೆ, ಐದಾರು ಮಿಲಿಮೀಟರ್ ಬಿದ್ದಾಗ ಒಣಗಿದ ಎರಿ ಮಣ್ಣು ಅದನ್ನು ಮೇಲ್ಮೈಯಲ್ಲೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬೇರಿಗೆ ಬಿಡುವುದಿಲ್ಲ, ಮರುದಿನ ಬಿಸಿಲಿಗೆ ಆರಿ ಹೋಗುತ್ತದೆ. ಉಸುಕು ಮಣ್ಣಿನಲ್ಲಿ ಅಷ್ಟೇ ನೀರು ಸರ್ರನೆ ಕೆಳಗಿಳಿದು ಬೇರಿಗೆ ಸಿಗುತ್ತದೆ. ಮೇಲೆ ಹರಡಿದ ಹರಳು ಕಲ್ಲು ನೆರಳಾಗಿ ಆರುವುದನ್ನೂ ತಡೆಯುತ್ತದೆ. ಮೊದಲ ಎರಡು ಅಡ್ಡಮಳೆಗೆ ಎರಿ ಹೊಲ ಇನ್ನೂ ಬಾಯಿ ಬಿಟ್ಟುಕೊಂಡು ಬಿದ್ದಿರುವಾಗ ಗುಡ್ಡ ತಿಳಿ ಹಸಿರಾಗಿ ಕಾಣುತ್ತದಲ್ಲ, ಕಾರಣ ಇದು. ಕುರಿ ಕಾಯುವವರಿಗೆ ಇದು ಯಾರೂ ಹೇಳಿಕೊಡದೆ ಗೊತ್ತು.

ಈಗ ನನ್ನ ಎರಡು ಬೇವಿನ ಗಿಡಕ್ಕೆ ಬರೋಣ. ನಾನು ಇಷ್ಟೊತ್ತು 'ಒಂದು ಗೇಣು' ಅಂದದ್ದು ಸರಾಸರಿ ಮಾತು. ಕೆಳಗಿನ ಬಂಡೆ ಗಾಜಿನ ಹಾಗೆ ನುಣುಪಾಗಿಲ್ಲ. ಅದರಲ್ಲಿ ಉದ್ದಕ್ಕೆ, ಅಡ್ಡಕ್ಕೆ ಬಿರುಕುಗಳಿವೆ. ಕೆಲವು ಕಡೆ ಬಿರುಕು ಕೈ ಹೋಗುವಷ್ಟು ಅಗಲ, ಒಳಗೆ ಆಳಕ್ಕೆ ಮಣ್ಣು ತುಂಬಿರುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬೇರಿಗೆ ಮಾತ್ರ ಗೊತ್ತು. ಗುಡ್ಡದ ಮೇಲೆ ಗಿಡಗಳು ಯಾರೋ ದಾರ ಹಿಡಿದು ನೆಟ್ಟಂತೆ ಒಂದು ಗೆರೆಯಲ್ಲಿ ಬೆಳೆದಿರುವುದನ್ನು ನೋಡಿದ್ದೀರಾ? ಆ ಗೆರೆಯ ಕೆಳಗೆ ಒಂದು ಬಿರುಕು ಇದೆ ಅಂತ ಲೆಕ್ಕ. ಬಿರುಕಿನ ಸಂದಿಯಲ್ಲಿ ನೀರು ಬಿಸಿಲಿಗೆ ಸಿಗುವುದಿಲ್ಲ, ತಿಂಗಳುಗಟ್ಟಲೆ ಉಳಿಯುತ್ತದೆ. ಅರಳಿ, ಬಸರಿ ಜಾತಿಯ ಮರಗಳು ಬರಿಗಲ್ಲಿನ ಗೋಡೆಯಲ್ಲಿ ನೇತಾಡುತ್ತ ಬದುಕುವುದು ಈ ಗುಟ್ಟು ಗೊತ್ತಿದ್ದೇ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಇಷ್ಟ. ಅಲ್ಲಲ್ಲಿ ಮಣ್ಣೇ ಇಲ್ಲದ ಬೋಳು ಹಾಸುಬಂಡೆ ಇರುತ್ತದೆ. ಅದು ದಂಡ ಜಾಗ ಅಂತ ಅನಿಸುತ್ತದೆ, ಅಲ್ವಾ? ಆದರೆ 20 ಚದರ ಮೀಟರಿನ ಹಾಸುಬಂಡೆ ಇಳಿಜಾರಾಗಿದ್ದು, ಅದರ ಕೆಳ ಅಂಚಿನಲ್ಲಿ 2 ಚದರ ಮೀಟರಿನ ಒಂದು ಮಣ್ಣಿನ ತಗ್ಗು ಇದೆ ಅಂದುಕೊಳ್ಳಿ. ಬರೀ 10 ಮಿಲಿಮೀಟರ್ ಮಳೆ ಬಿದ್ದರೂ ಬಂಡೆಯ ಮೇಲೆ 200 ಲೀಟರ್ ನೀರು ಬೀಳುತ್ತದೆ. ಕಲ್ಲು ಕುಡಿಯುವುದು ಸ್ವಲ್ಪ, ಉಳಿದದ್ದೆಲ್ಲ ಜಾರಿ ಆ ತಗ್ಗಿಗೆ ಬರುತ್ತದೆ. ಅಂದರೆ ಆ ತಗ್ಗಿನ ಪಾಲಿಗೆ ಆದದ್ದು 10 ಮಿಲಿಮೀಟರ್ ಮಳೆಯಲ್ಲ, ಸುಮಾರು ನೂರು. ನೀರಿನ ಜೊತೆ ಸಣ್ಣ ಮಣ್ಣು, ಒಣ ಎಲೆ, ಕುರಿ ಹಿಕ್ಕೆ ಎಲ್ಲ ಬಂದು ಸೇರುತ್ತವೆ. ಬರಗಾಲದ ಗುಡ್ಡದ ನಡುವೆ ಮಲೆನಾಡಿನ ಒಂದು ಚೂರು. ನನ್ನ ಬೇವು ಒಂದು ಇಂಥ ಹಾಸುಬಂಡೆಯ ಅಂಚಿನಲ್ಲಿತ್ತು, ಇನ್ನೊಂದು ಬಿರುಕಿನ ಮೇಲಿತ್ತು. ನಾನು ಜಾಣತನದಿಂದ ಅಲ್ಲಿ ನೆಟ್ಟಿದ್ದಲ್ಲ, ಗುಂಡಿ ತೋಡಿ ತೋಡಿ ಸುಸ್ತಾಗಿ ಹಾರೆ ಇಳಿದಲ್ಲಿ ನೆಟ್ಟಿದ್ದು.

ಗುಡ್ಡದ ಸ್ವಂತ ಗಿಡಗಳು ಈ ಲೆಕ್ಕವನ್ನೆಲ್ಲ ಯಾವತ್ತೋ ಮಾಡಿ ಮುಗಿಸಿವೆ. ತಂಗಡಿ, ಬಂದರಿಕೆ, ಕಾರೆ, ಕವಳಿ, ಬಾರಿ, ಜಾಲಿ, ಕಳ್ಳಿ. ಎಲೆ ಸಣ್ಣದು, ಇಲ್ಲವೇ ಅಂಟಂಟು, ಇಲ್ಲವೇ ಮುಳ್ಳು. ನೀರಿದ್ದಾಗ ಗಡಿಬಿಡಿಯಲ್ಲಿ ಬೆಳೆದು, ಇಲ್ಲದಾಗ ಎಲೆ ಉದುರಿಸಿ ಸತ್ತಂತೆ ನಿಲ್ಲುತ್ತವೆ. ಗೊಬ್ಬರದ ಲೆಕ್ಕವೂ ಹಾಗೇ. ಉಸುಕಿಗೆ ಸತ್ವ ಹಿಡಿದಿಡುವ ಶಕ್ತಿ ಇಲ್ಲ, ಇರುವ ಅಲ್ಪ ಸಾರ ಮೇಲಿನ ಎರಡು ಬೆರಳಿನಷ್ಟು ಪದರಿನಲ್ಲಿ, ಅದೂ ಪೊದೆಗಳ ಬುಡದಲ್ಲಿ ಉದುರಿದ ಎಲೆ ಕೊಳೆತು ಆದದ್ದು. ಪೊದೆ ಕಿತ್ತರೆ ಆ ಗಂಟೂ ಹೋಯಿತು.

ಇದೇ ಆಟ ಸಾವಿರಾರು ಮೈಲಿ ದೂರದ ಅಮೆರಿಕದ ಕೊಲೊರಾಡೊ ಪ್ರಸ್ಥಭೂಮಿಯಲ್ಲೂ ನಡೆದಿದೆ. ಅಲ್ಲಿಯ ಮೆಸಾಗಳ ಮೇಲೆ ಬೇವು-ಜಾಲಿ ಬದಲು ಗಿಡ್ಡ ಪಿನ್ಯನ್ ಪೈನ್, ಜೂನಿಪರ್ ಮರಗಳು. ಅಲ್ಲಿ ಹಿಮ ಬೀಳುತ್ತದೆ, ಬಿರುಕಿನ ನೀರು ಗಡ್ಡೆ ಕಟ್ಟಿ ಉಬ್ಬಿ ಕಲ್ಲನ್ನು ಸೀಳುತ್ತದೆ, ನಮ್ಮಲ್ಲಿ ಆ ಕೆಲಸಕ್ಕೆ ಬಿಸಿಲು ಮತ್ತು ಬೇರು. ಅಲ್ಲಿಯ ಮಣ್ಣು ಸರ್ವೆಯವರು ಬಂಡೆ 50 ಸೆಂಟಿಮೀಟರ್ ಒಳಗೆ ಸಿಕ್ಕರೆ ಆ ಮಣ್ಣಿನ ಹೆಸರಿಗೇ 'ಲಿಥಿಕ್' ಅಂತ ಸೇರಿಸುತ್ತಾರೆ, ಗ್ರೀಕ್ ಭಾಷೆಯಲ್ಲಿ ಲಿಥೋಸ್ ಅಂದರೆ ಕಲ್ಲು. ನಮ್ಮ ದೇಶದ ಮಣ್ಣು ಸರ್ವೆಯಲ್ಲೂ 25 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಬಹಳ ತೆಳು, 25ರಿಂದ 50 ಇದ್ದರೆ ತೆಳು ಅಂತ ಲೆಕ್ಕ. ಮಾವನ ಮೂಲೆ ಬಹಳ ತೆಳುವಿನಲ್ಲಿ ಬರುತ್ತದೆ.

ಆ ಕಡೆಯ ಮೆಸಾ ವರ್ಡೆ ಅನ್ನುವ ಜಾಗದ ಕಥೆ ನನಗೆ ಬಾದಾಮಿಯನ್ನು ನೆನಪಿಸುತ್ತದೆ. ಅಲ್ಲಿಯ ಮೂಲನಿವಾಸಿಗಳಾದ ಪ್ಯೂಬ್ಲೊ ಜನರ ಹಿರಿಯರು 12-13ನೇ ಶತಮಾನದಲ್ಲಿ ಮರಳುಗಲ್ಲಿನ ಚಾಚಿನ ಕೆಳಗೆ ಇಡೀ ಊರುಗಳನ್ನೇ ಕಟ್ಟಿದ್ದರು. ಮೆಸಾದ ಮೇಲೆ ಮೆಕ್ಕೆಜೋಳ ಬೆಳೆಯುತ್ತಿದ್ದರು. ತೆಳು ಮಣ್ಣಿನಲ್ಲಿ ಮೆಕ್ಕೆಜೋಳ ಹೇಗೆ ಬಂತು ಅಂತ ಕೇಳಬೇಕಲ್ಲ? ಅಲ್ಲಿ ಒಂದು ಅದೃಷ್ಟ ಇತ್ತು. ಗಾಳಿ ದೂರದಿಂದ ಹೊತ್ತು ತಂದ ನುಣುಪು ಕೆಂಪು ಧೂಳು ಮೆಸಾದ ತಲೆಯ ಮೇಲೆ ಹಲವು ಕಡೆ ದಪ್ಪಗೆ ಕೂತಿದೆ. ಆ ಜನ ಬೆಳೆದದ್ದು ಅದರಲ್ಲಿ. ಸಾಲದ್ದಕ್ಕೆ ಹಳ್ಳಗಳಿಗೆ ಅಡ್ಡ ಸಣ್ಣ ಕಲ್ಲಿನ ಒಡ್ಡು ಹಾಕಿ ಮಣ್ಣನ್ನೂ ನೀರನ್ನೂ ಹಿಡಿದರು. ಗಜೇಂದ್ರಗಡದಲ್ಲಿ ಗಾಳಿ ಕೊಡುವುದಕ್ಕಿಂತ ಒಯ್ಯುವುದೇ ಜಾಸ್ತಿ.

ಮಣ್ಣು ಹಿಡಿಯದ ನೀರು ಎಲ್ಲಿ ಹೋಗುತ್ತದೆ? ಒಂದಷ್ಟು ಬಂಡೆಯ ಮೇಲೆ, ಮಣ್ಣಿನ ಕೆಳಗೆ ಜಾರುತ್ತ ಅಂಚಿಗೆ ಬಂದು ಒಸರುತ್ತದೆ. ಜೋರು ಮಳೆಯಾದ ಎರಡು ಮೂರು ದಿನದವರೆಗೂ ಗುಡ್ಡದ ಅಂಚು ಬೆವರುವುದು ಇದೇ. ಒಂದಷ್ಟು ಹಾಸುಬಂಡೆಯ ದೊಣೆಗಳಲ್ಲಿ ನಿಲ್ಲುತ್ತದೆ. ಇನ್ನೊಂದಷ್ಟು ಬಿರುಕಿನೊಳಗೆ ಇಳಿದು, ಪದರುಗಳ ಸಂದಿಯಲ್ಲಿ ನಿಧಾನಕ್ಕೆ ಸರಿದು, ಮುಂದೆ ಹೋಗಲು ಜಾಗ ಇಲ್ಲದಾಗ ಗುಡ್ಡದ ಮೈಯಲ್ಲಿ ಸೆಲೆಯಾಗಿ ಹೊರಬರುತ್ತದೆ. ಗಜೇಂದ್ರಗಡದ ಕಾಲಕಾಲೇಶ್ವರ ಗುಡಿಯ ಹತ್ತಿರ ಮರದ ಬೇರಿನ ಬುಡದಿಂದ ವರ್ಷವಿಡೀ ನೀರು ಬರುತ್ತದೆ, ಜನ ಅಂತರಗಂಗೆ ಅನ್ನುತ್ತಾರೆ. ಬಾದಾಮಿ ಕಡೆಯ ಮಹಾಕೂಟದ ಹೊಂಡಕ್ಕೂ ಸೆಲೆಯ ನೀರೇ. ಗುಡ್ಡದ ಮೇಲಿನ ಪೊದೆ, ಹುಲ್ಲು ಮಳೆಯ ಓಟ ತಡೆದಷ್ಟೂ ನೀರಿಗೆ ಬಿರುಕಿನೊಳಗೆ ಇಳಿಯಲು ಹೊತ್ತು ಸಿಗುತ್ತದೆ.

ಆದ್ದರಿಂದ ಇಂಥ ಜಾಗವನ್ನು 'ಖರಾಬು' ಅಂತ ಬರೆದು ಕೈತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕಿಂತ ಕಿರಿಕಿರಿ ಆಗುವುದು ಅದನ್ನು ಸುಧಾರಿಸುತ್ತೇವೆ ಅಂತ ಜೆಸಿಬಿ ತರುವುದು. ಉದ್ದುದ್ದ ಟ್ರೆಂಚ್ ಹೊಡೆಯುವುದು ಆಳ ಮಣ್ಣಿನ ಇಳಿಜಾರಿಗೆ ಒಳ್ಳೆಯದೇ. ಒಂದು ಗೇಣು ಮಣ್ಣಿನಲ್ಲಿ ಟ್ರೆಂಚ್ ಹೊಡೆದರೆ ಸಾರ ಇರುವ ಎರಡು ಬೆರಳಿನ ಪದರು ಕೆಳಗೆ ಹೋಗಿ ಕಲ್ಲು ಚೂರು ಮೇಲೆ ಬರುತ್ತದೆ, ಮೊದಲ ದೊಡ್ಡ ಮಳೆಗೆ ಬದು ಒಡೆದು ಅದೂ ಹೋಗುತ್ತದೆ. ಗುಡ್ಡ ಕಡಿದು ಮಾಡಿದ ರಸ್ತೆಗಳೂ ಹೀಗೇ, ಹರಡಿ ಹೋಗುತ್ತಿದ್ದ ನೀರನ್ನು ಒಂದೇ ಕಡೆ ಸೇರಿಸಿ ಕೊರಕಲು ಮಾಡುತ್ತವೆ. ಬೇಸಿಗೆಯ ಬೆಂಕಿಯ ಬಗ್ಗೆ ಹೇಳುವುದೇ ಬೇಡ. ಕೆಲಸ ಮಾಡಲೇಬೇಕು ಅಂದರೆ ಸಿಗುವ ಕಲ್ಲನ್ನೇ ಇಳಿಜಾರಿಗೆ ಅಡ್ಡ ಮೊಳದುದ್ದ ಸಾಲಾಗಿ ಇಡುವುದು, ಎರಡು ವರ್ಷ ದನ-ಕುರಿ ಬಿಡದೆ ಹುಲ್ಲು ಏಳಲು ಬಿಡುವುದು, ಇಷ್ಟೇ ಸಾಕು. ಸ್ವಲ್ಪ ಆಳ ಇರುವ ಅಂಚಿನಲ್ಲಿ ಮಾವ ಹುರಳಿ, ಮಡಕಿ ಉಗ್ಗುತ್ತಾರೆ. ಬಂದರೆ ಬಂತು, ಇಲ್ಲದಿದ್ದರೆ ದನಕ್ಕೆ ಹೊಟ್ಟು.

ಈ ಸಲ ಮುಂಗಾರಿಗೆ ನಾನು ಸಸಿ ಒಯ್ಯಲಿಲ್ಲ. ಒಂದು ಚೂಪು ಕಬ್ಬಿಣದ ಸರಳು ಒಯ್ದೆ. ಒಳ್ಳೆ ಮಳೆ ಆದ ಮರುದಿನ, ಮಣ್ಣು ಮೆತ್ತಗಿರುವಾಗ, ನಾನೂ ಮಾವನೂ ಆ ಮೂಲೆಯನ್ನೆಲ್ಲ ಚುಚ್ಚುತ್ತ ತಿರುಗಿದೆವು. ಬಹಳ ಕಡೆ ಅದೇ ಖಣ್. ಸರಳು ಮೊಳಕ್ಕಿಂತ ಆಳ ಇಳಿದದ್ದು ಏಳು ಕಡೆ. ಏಳರಲ್ಲಿ ಐದು ಕಡೆ ಆಗಲೇ ಏನೋ ಒಂದು ಹುಟ್ಟಿತ್ತು, ಬಾರಿ, ಕವಳಿ, ಒಂದು ಜಾಲಿ. ಖಾಲಿ ಇದ್ದ ಎರಡಕ್ಕೆ ಕಲ್ಲು ಪೇರಿಸಿ ಗುರುತು ಮಾಡಿದೆವು. "ಇಷ್ಟ ಜಾಗ ಐತಿ ನೋಡಪಾ ನಿನ್ನ ಪಾಲಿಗೆ" ಅಂತ ಮಾವ ನಕ್ಕರು.